ಲಸಿಕೆ ಹಾಕಿದ ಹಸುವಿನ ರಕ್ತದಲ್ಲಿ ರಚನೇತರ ಪ್ರೋಟೀನಿನ ಪ್ರತಿಕಾಯ: ಬೇನೆಯದೋ, ಲಸಿಕೆಯದೋ?

ವರದಾ ದಂಡೆ (ಹಾವೇರಿ ತಾಲ್ಲೂಕು)
ಸಂತೆಯಲ್ಲಿ ಒಂದು ಎಚ್‌ಎಫ್ ಮಿಶ್ರತಳಿ ಹಸುವನ್ನು ಕೊಂಡು ತಂದೆವು. ಕಿವಿಯೋಲೆ ಇತ್ತು, ಕಾಲುಬಾಯಿ ಬೇನೆಯ ಲಸಿಕೆ ಹಾಕಿಸಿದ ದಾಖಲೆಯೂ ಇತ್ತು. ಅದು ಬಂದ ಕೆಲವೇ ದಿನಗಳಲ್ಲಿ ನಮ್ಮ ಕೊಟ್ಟಿಗೆಯ ಎರಡು ಹಸುಗಳಿಗೆ ಬೇನೆ ತಗುಲಿತು. ಬಾಯಿ ತೆರೆಸಿ ನೋಡಿದರೆ ನಾಲಿಗೆಯ ಮೇಲಿನ ತೊಗಲು ಪದರವಾಗಿ ಕಿತ್ತು ಬಂದು ಕೆಳಗೆ ಕೆಂಪು ಮಾಂಸ ಕಾಣುತ್ತಿತ್ತು; ಗೊರಸಿನ ಸಂದಿಯಲ್ಲಿ ಹುಣ್ಣಾಗಿ ಎದ್ದು ನಿಲ್ಲುವುದೂ ಕಷ್ಟವಾಗಿತ್ತು. ತಂದ ಹಸುವಿಗೆ ಮಾತ್ರ ಒಂದು ಗುಳ್ಳೆಯೂ ಏಳಲಿಲ್ಲ. ಆದರೆ ಅದರ ರಕ್ತ ಪರೀಕ್ಷೆಯಲ್ಲಿ 3ಎಬಿಸಿ ಎಂಬ ರಚನೇತರ ಪ್ರೋಟೀನಿನ ವಿರುದ್ಧ ಪ್ರತಿಕಾಯ (ಹೊರಗಿನಿಂದ ಬಂದದ್ದನ್ನು ಎದುರಿಸಲು ಮೈ ಹುಟ್ಟಿಸುವ ಪ್ರೋಟೀನು) ಇದೆ ಎಂದು ವರದಿ ಬಂದಿದೆ. ಲಸಿಕೆ ಹಾಕಿಸಿದ ಎಲ್ಲ ದನಕ್ಕೂ ಹಾಗೆಯೇ ಬರುತ್ತದೆ ಎಂದು ಮಾರಿದವರು ವಾದಿಸುತ್ತಾರೆ. ಇದು ನಿಜವೇ? ನನ್ನ ಎರಡು ಹಸುಗಳಿಗೂ ಲಸಿಕೆ ಆಗಿತ್ತು. ಆದರೂ ಅವು ಮಲಗಿದ್ದೇಕೆ?

ಕಪ್ಪತಗುಡ್ಡ (ಪಶುವೈದ್ಯ, ಗದಗ)
ನಿಜವಲ್ಲ. ಈ ವೈರಾಣುವಿನ ಕವಚ ವಿಪಿ1ರಿಂದ ವಿಪಿ4ರವರೆಗಿನ ನಾಲ್ಕು ಪ್ರೋಟೀನುಗಳಿಂದ ಆಗಿದ್ದು, ಒಂದೊಂದರ 60 ಪ್ರತಿಗಳು ಸೇರಿ ಒಂದು ಕಣವಾಗುತ್ತದೆ. ಇವು ರಚನಾ ಪ್ರೋಟೀನುಗಳು. 3ಎಬಿಸಿ ಕವಚದ ಭಾಗವಲ್ಲ. ವೈರಾಣು ಜೀವಕೋಶದೊಳಗೆ ಹೊಕ್ಕು ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುವಾಗ ಅದು ತಯಾರಾಗುತ್ತದೆ. ಲಸಿಕೆಯಲ್ಲಿರುವ ವೈರಾಣು ಸತ್ತದ್ದು, ಅದು ಹಸುವಿನ ಮೈಯಲ್ಲಿ ಬೆಳೆಯುವುದಿಲ್ಲ. ಬಾಟಲಿಯಲ್ಲಿ ಇರುವುದು ಶುದ್ಧ ಕವಚ ಮಾತ್ರ. ಆದ್ದರಿಂದ ನಿಮ್ಮ ಹಸುವಿನ ಮೈಯಲ್ಲಿ ಜೀವಂತ ವೈರಾಣು ಬೆಳೆದಿತ್ತು ಎಂದೇ ತಿಳಿಯಬೇಕು. ಮಾರಿದವರು ಹೇಳಿದ್ದು ಸುಳ್ಳು.

ಬೆಣ್ಣಿಹಳ್ಳ (ಹೈನುಗಾರ, ಹುಬ್ಬಳ್ಳಿ)
"ಶುದ್ಧ ಕವಚ ಮಾತ್ರ" ಎಂದು ಇಷ್ಟು ಸುಲಭವಾಗಿ ಬರೆಯಬೇಡಿ, ಡಾಕ್ಟರ್ ಸಾಹೇಬರೇ. ಲಸಿಕೆಗೆ ಬೇಕಾದ ವೈರಾಣುವನ್ನು ಬಿಎಚ್‌ಕೆ-21 ಎಂಬ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಅಲ್ಲಿ ಅದು ಬೆಳೆಯುವಾಗ ರಚನೇತರ ಪ್ರೋಟೀನುಗಳೂ ಹುಟ್ಟಿಯೇ ಹುಟ್ಟುತ್ತವೆ. ಆಮೇಲೆ ಸೋಸಿ ತೆಗೆಯುತ್ತಾರೆ, ಸರಿ, ಎಷ್ಟು ಸೋಸುತ್ತಾರೆ? ಒಂದೇ ಲಸಿಕೆಯನ್ನು ದನಗಳಿಗೆ ಮತ್ತೆ ಮತ್ತೆ ಚುಚ್ಚಿ, ಈ ಪ್ರತಿಕಾಯ ಹುಟ್ಟುವುದಿಲ್ಲ ಎಂದು ತೋರಿಸಬೇಕೆಂಬ ನಿಯಮವನ್ನು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಇಟ್ಟಿರುವುದು ಏಕೆ? ಹುಟ್ಟುವ ಸಾಧ್ಯತೆ ಇರುವುದರಿಂದಲೇ. ಈ ಬೇನೆಯ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮ 2019ರಲ್ಲಿ ಶುರುವಾದ ಮೇಲೆ ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡ ಹಸುವಿನ ಮೈಗೆ ಈ ಚೂರುಪಾರು ಎಷ್ಟು ಸಲ ಹೋಗಿರಬಹುದು, ನೀವೇ ಲೆಕ್ಕ ಹಾಕಿ.

ಸಾಧನಕೇರಿ (ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕಿ, ಧಾರವಾಡ)
"ಚೂರುಪಾರು" ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಹಲವು ಸಲ ಲಸಿಕೆ ಪಡೆದ ದನಗಳಲ್ಲಿ 3ಡಿ ಎಂಬ ಇನ್ನೊಂದು ರಚನೇತರ ಪ್ರೋಟೀನಿನ ವಿರುದ್ಧ ಪ್ರತಿಕಾಯ ಕಂಡದ್ದುಂಟು, ಏಕೆಂದರೆ ಅದು ವೈರಾಣು ಕಣದ ಜೊತೆಗೇ ಉಳಿದುಬಿಡುತ್ತದೆ. ಸೋಂಕನ್ನು ಗುರುತಿಸಲು ಹಿಂದೆ ಅದನ್ನೇ ನೆಚ್ಚಿಕೊಂಡಿದ್ದ ಪರೀಕ್ಷೆಯ ದೋಷವೂ ಅದೇ ಆಗಿತ್ತು. ಆ ತೊಂದರೆಯಿಂದಾಗಿಯೇ ವಿಜ್ಞಾನಿಗಳು 3ಎಬಿಸಿಯತ್ತ ಹೊರಳಿದರು. ಅದರ ಒಂದು ಭಾಗವಾದ 3ಎ ಜೀವಕೋಶದ ಪೊರೆಗಳಿಗೆ ಅಂಟಿಕೊಳ್ಳುವಂಥದು. ಕೋಶದ ಕಸವನ್ನು ಬೇರ್ಪಡಿಸುವಾಗ ಅದರ ಬಹುಪಾಲು ಆಚೆ ಹೋಗುತ್ತದೆ.

ಬೆಣ್ಣಿಹಳ್ಳ
"ಬಹುಪಾಲು" ಎಂದು ಮೇಡಂ ಅವರೇ ಬರೆದಿದ್ದಾರೆ, ಎಲ್ಲರೂ ಓದಿಕೊಳ್ಳಿ. 3ಡಿ ಉಳಿಯುತ್ತದೆ ಎಂದೂ ಅವರೇ ಬರೆದಿದ್ದಾರೆ. ಹಾಗಾದರೆ "ಶುದ್ಧ ಕವಚ ಮಾತ್ರ" ಎಂಬುದು ಬಿದ್ದುಹೋಯಿತು. ಇನ್ನೊಂದು ಮಾತು: 3ಎಬಿಸಿಯ ನಡುವಿನ ಭಾಗವಾದ 3ಬಿಯ ಒಂದು ತುಣುಕು ವೈರಾಣುವಿನ ಆರ್‌ಎನ್‌ಎ ತುದಿಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಯಾವ ಜರಡಿಯಲ್ಲಿ ಸೋಸುತ್ತೀರಿ?

ಕಪ್ಪತಗುಡ್ಡ
ಕಣವೊಂದಕ್ಕೆ ಒಂದೇ ತುಣುಕು, ಅದೂ ಕವಚದ ಒಳಗೆ. ಹೊರಗೆ ಪ್ರತಿಯೊಂದು ಕವಚ ಪ್ರೋಟೀನಿನ 60 ಪ್ರತಿಗಳು. ಎರಡನ್ನೂ ಒಂದೇ ತೂಕದಲ್ಲಿ ಇಡುವವರ ಜೊತೆ ಏನು ಮಾತಾಡುವುದು? ರೈತನೊಬ್ಬ ಮೋಸ ಹೋಗಿ ಎರಡು ಹಸು ನರಳುತ್ತಿರುವಾಗ, ನೀವು ಮಾರಿದವನ ವಕೀಲರಾಗಿ ನಿಂತಿದ್ದೀರಿ. ಲಸಿಕೆಯಿಂದಲೇ ಈ ಪ್ರತಿಕಾಯ ಬರುವುದಾದರೆ ಲಸಿಕೆ ಪಡೆದ ಹಟ್ಟಿಗಳೆಲ್ಲ ಪಾಸಿಟಿವ್ ಬರಬೇಕಿತ್ತು, ದೇಶದಲ್ಲಿ ಸೋಂಕು ಎಲ್ಲಿದೆ ಎಂಬ ಸಮೀಕ್ಷೆಯನ್ನು ಈ ಪರೀಕ್ಷೆಯಿಂದ ನಡೆಸಲು ಆಗುತ್ತಲೇ ಇರಲಿಲ್ಲ.

ಬೆಣ್ಣಿಹಳ್ಳ
ವಕೀಲ ಎಂದು ಕರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಿ. ನನ್ನ ಕೊಟ್ಟಿಗೆಯಲ್ಲೂ ಹಸುಗಳಿವೆ, ನಾನೂ ಹಾಲು ಮಾರಿಯೇ ಮಕ್ಕಳನ್ನು ಓದಿಸಿದ್ದೇನೆ. ಬಾಟಲಿಯ ಬ್ಯಾಚಿನ ಪರೀಕ್ಷಾ ವರದಿ ತೋರಿಸಿ ಎಂದು ಕೇಳುವುದು ಮಾರಿದವನ ಪರ ವಹಿಸಿದಂತೆ ಹೇಗಾಗುತ್ತದೆ? "ಎಲ್ಲ ಹಟ್ಟಿ" ಎಂದು ನಾನು ಎಲ್ಲಿಯೂ ಬರೆದಿಲ್ಲ.

ವರದಾ ದಂಡೆ
ಕಪ್ಪತಗುಡ್ಡ ಸರ್, ಬಾಟಲಿಯ ಜಗಳ ಬದಿಗಿರಲಿ. ಗುಳ್ಳೆಯೇ ಇಲ್ಲದ ಹಸುವಿನಿಂದ ನನ್ನ ಹಸುಗಳಿಗೆ ಬೇನೆ ದಾಟಿತೇ?

ಕಪ್ಪತಗುಡ್ಡ
ದಾಟಿರಬಹುದು. ಸೋಂಕಾಗಿ 28 ದಿನ ಕಳೆದ ಮೇಲೂ ಗಂಟಲಿನಲ್ಲಿ ವೈರಾಣು ಉಳಿದಿದ್ದರೆ ಆ ದನವನ್ನು ವಾಹಕ ಎನ್ನುತ್ತೇವೆ. ದನಗಳಲ್ಲಿ ಮೂರೂವರೆ ವರ್ಷದವರೆಗೂ ಹಾಗೆ ಉಳಿದದ್ದು ದಾಖಲಾಗಿದೆ. ಲಸಿಕೆ ರಕ್ತದಲ್ಲಿ ಪ್ರತಿಕಾಯವನ್ನು ಹುಟ್ಟಿಸಿ ಬೇನೆಯನ್ನು ತಡೆಯುತ್ತದೆ; ಗಂಟಲಿನ ಒಳಪೊರೆಯಲ್ಲಿ ವೈರಾಣು ನೆಲೆಸುವುದನ್ನು ಪೂರ್ತಿ ತಡೆಯಲಾರದು. ಮೇಲೆ ಆರೋಗ್ಯವಾಗಿ ಕಾಣುವ ಹಸು ಹೀಗೆಯೇ ವಾಹಕವಾಗುವುದು.

ಸಾಧನಕೇರಿ
"ವಾಹಕ" ಎಂಬುದನ್ನು ಕೇಳಿ ಊರಿನವರು ಹೆದರಿ ಒಳ್ಳೆಯ ಹಸುಗಳನ್ನೂ ಕಸಾಯಿಗೆ ಕೊಟ್ಟುಬಿಡುತ್ತಾರೆ, ದಯವಿಟ್ಟು ಎಚ್ಚರದಿಂದ ಬರೆಯಿರಿ. ವಾಹಕ ದನಗಳನ್ನು ಆರೋಗ್ಯವಂತ ದನಗಳ ಜೊತೆ ಕೂಡಿ ಹಾಕಿ ಮಾಡಿದ ಪ್ರಯೋಗಗಳಲ್ಲಿ ಬೇನೆ ದಾಟಿದ್ದು ಕಂಡುಬಂದಿಲ್ಲ. ಆಫ್ರಿಕಾದ ಕಾಡೆಮ್ಮೆಗಳ ವಿಷಯ ಬೇರೆ. ಈ ಹಸು ಸಂತೆಯಲ್ಲಿಯೋ ಅದಕ್ಕೆ ಸ್ವಲ್ಪ ಮುಂಚೆಯೋ ಹೊಸದಾಗಿ ಸೋಂಕು ತಗುಲಿಸಿಕೊಂಡು, ಲಸಿಕೆಯ ಬಲದಿಂದ ಗುಳ್ಳೆ ಏಳದೆ, ಜೊಲ್ಲಿನಲ್ಲಿ ವೈರಾಣುವನ್ನು ಹರಡಿರುವುದು ಹೆಚ್ಚು ಸಂಭವ. ಸಾಗಿಸಿದ ಗಾಡಿಯಿಂದ, ಸಂತೆಯ ಕೆಸರು ಮೆತ್ತಿದ ಚಪ್ಪಲಿಯಿಂದ ಬಂದಿರುವುದೂ ಸಾಧ್ಯ. ಒಂದು ಸಲ ತೆಗೆದ ರಕ್ತ ಸೋಂಕು ಆದದ್ದು ಯಾವಾಗ ಎಂಬುದನ್ನು ಹೇಳುವುದಿಲ್ಲ.

ಬೆಣ್ಣಿಹಳ್ಳ
"ಲಸಿಕೆಯ ಬಲ" ಎನ್ನುತ್ತೀರಲ್ಲ ಮೇಡಂ, ಆ ಬಲ ವರದಾ ದಂಡೆಯವರ ಎರಡು ಹಸುಗಳಿಗೆ ಏಕೆ ಸಿಗಲಿಲ್ಲ? ನಮ್ಮ ದೇಶದ ಲಸಿಕೆಯಲ್ಲಿ ಬಳಸುತ್ತ ಬಂದಿರುವ ಓ ಮಾದರಿಯ (ಈ ವೈರಾಣುವಿನ ಏಳು ಮಾದರಿಗಳಲ್ಲಿ ಒಂದು) ತಳಿ 1975ರದು. 2013ರಲ್ಲಿ ಕರ್ನಾಟಕದಲ್ಲಿ ದನಗಳನ್ನು ಸಾಲುಸಾಲಾಗಿ ಕೊಂದದ್ದು ಇಂಡ್2001 ಎಂಬ ಬೇರೆ ವಂಶದ ವೈರಾಣು. ಹಳೆಯ ಬೀಗದ ಕೈ ಹೊಸ ಬೀಗಕ್ಕೆ ಹೊಂದುವುದೇ?

ಹೋರಿ ಓಣಿ (ಹಾವೇರಿ)
ಒಂದೇ ತಳಿ ಆಗಿರಬೇಕೆಂಬ ಹಟ ಏಕೆ? 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಗೆ ಬಂದಾಗ ದನಗಳಿಗೆ ಹಾಕಿದ್ದು ಆಡಿನ ಸಿಡುಬಿನ ಲಸಿಕೆ. ಕೊಬ್ಬರಿ ಕಟ್ಟಿ ಓಡಿಸುವ ನಮ್ಮ ಹೋರಿಗೂ ಅದನ್ನೇ ಹಾಕಿಸಿದೆವು, ಹೋರಿ ಉಳಿಯಿತು. ಆ ಲಸಿಕೆ ಬೇರೆ ಪ್ರಾಣಿಯ ವೈರಾಣುವಿನದು.

ಬೆಣ್ಣಿಹಳ್ಳ
ತಮ್ಮಾ, ಆಡಿನ ಸಿಡುಬು, ಚರ್ಮಗಂಟು ಎರಡೂ ಒಂದೇ ಕುಲದ ಡಿಎನ್‌ಎ ವೈರಾಣುಗಳು, ನಿಧಾನವಾಗಿ ಬದಲಾಗುವಂಥವು. ಮೇಲಾಗಿ ಅದು ಜೀವಂತ ಲಸಿಕೆ. ಕಾಲುಬಾಯಿ ಬೇನೆಯದು ಆರ್‌ಎನ್‌ಎ ವೈರಾಣು, ಏಳು ಮಾದರಿಗಳು, ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಆ ಉದಾಹರಣೆಯನ್ನು ಇಲ್ಲಿಗೆ ತರಬೇಡ.

ಸಾಧನಕೇರಿ
"1975" ಎಂಬ ಇಸವಿಯೊಂದೇ ವಾದವಾಗುವುದಿಲ್ಲ. ತಳಿ ಹೊಂದುತ್ತದೆಯೇ ಎಂಬುದನ್ನು ವಯಸ್ಸಿನಿಂದ ಅಳೆಯುವುದಿಲ್ಲ. ಲಸಿಕೆ ಪಡೆದ ದನದ ಸೀರಮ್ (ರಕ್ತದ ತಿಳಿ) ಹೊಸ ವೈರಾಣುವನ್ನು ಎಷ್ಟರ ಮಟ್ಟಿಗೆ ನಿಷ್ಕ್ರಿಯಗೊಳಿಸುತ್ತದೆ ಎಂಬುದನ್ನು ಅಳೆಯುತ್ತಾರೆ. ಆ ಪರೀಕ್ಷೆಯಲ್ಲಿ ಹೊಸ ವೈರಾಣುವಿನ ಎದುರು ಸೀರಮ್‌ಗಿರುವ ಬಲಕ್ಕೂ ಲಸಿಕೆಯ ತಳಿಯ ಎದುರು ಅದಕ್ಕಿರುವ ಬಲಕ್ಕೂ ಇರುವ ಅನುಪಾತ 0.3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೊಂದಿಕೆ ಇದೆ ಎಂದರ್ಥ. ವೈರಾಣು ಜೀವಕೋಶಕ್ಕೆ ಅಂಟಿಕೊಳ್ಳುವುದು ವಿಪಿ1ರಿಂದ ಹೊರಗೆ ಚಾಚಿದ ಒಂದು ಕುಣಿಕೆಯ ಮೂಲಕ. ಪ್ರತಿಕಾಯಗಳು ಮುಖ್ಯವಾಗಿ ಹಿಡಿಯುವುದೂ ಅದರ ಆಸುಪಾಸಿನಲ್ಲೇ. ಆದರೆ ಆ ತುಣುಕನ್ನೊಂದನ್ನೇ ಲಸಿಕೆ ಮಾಡಲು ಹೋದವರಿಗೆ ದನಗಳಲ್ಲಿ ಸಾಕಷ್ಟು ರಕ್ಷಣೆ ದೊರೆಯಲಿಲ್ಲ. ಕಣ ಇಡಿಯಾಗಿ ಉಳಿದಿರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಐಸ್ ಕರಗಿದ ಡಬ್ಬಿಯೊಳಗೆ ಬಾಟಲಿ ಬೆಚ್ಚಗಾದರೆ ಕಣ ಒಡೆದು ಚೂರಾಗುತ್ತದೆ, ಆ ಚೂರುಗಳಿಂದ ಹುಟ್ಟುವ ರಕ್ಷಣೆ ತೀರಾ ಕಡಿಮೆ. 2ರಿಂದ 8 ಡಿಗ್ರಿಯ ನಿಯಮ ಇರುವುದು ಇದಕ್ಕಾಗಿ. ವರದಾ ದಂಡೆಯವರೇ, ನಿಮ್ಮ ಹಸುಗಳಿಗೆ ಕೊನೆಯ ಲಸಿಕೆ ಯಾವಾಗ ಆಗಿತ್ತು? ಮೊದಲನೆಯದು ಆದ ತಿಂಗಳಿಗೆ ಬೂಸ್ಟರ್ ಕೊಡಿಸಿದ್ದಿರಾ?

ವರದಾ ದಂಡೆ
ಬೂಸ್ಟರ್ ಯಾರೂ ಕೊಡಲಿಲ್ಲ, ಅಕ್ಕಾವರೇ. ಎರಡೂ ಮೊದಲ ಸೂಲಿನವು. ಅವು ಕರುಗಳಾಗಿದ್ದಾಗ ಒಮ್ಮೆ ಹಾಕಿದ್ದರು, ಕಳೆದ ಸುತ್ತಿನಲ್ಲಿ ಗಬ್ಬದ ಹಸು ಬೇಡ ಎಂದು ಮನೆಯವರೇ ಬಿಡಿಸಿದ್ದರು.

ಕಪ್ಪತಗುಡ್ಡ
ನೋಡಿದಿರಾ? ಸತ್ತ ವೈರಾಣುವಿನ ಲಸಿಕೆಯ ರಕ್ಷಣೆ ಆರು ತಿಂಗಳ ಮೇಲೆ ನಿಲ್ಲುವುದಿಲ್ಲ. ಇದರಲ್ಲಿ 1975ರ ತಪ್ಪೇನೂ ಇಲ್ಲ. ಗಿಣ್ಣದ ಹಾಲಿನಿಂದ ಬಂದ ತಾಯಿಯ ಪ್ರತಿಕಾಯ ಕರುವಿನ ಮೈಯಲ್ಲಿ ಇರುವಾಗ ಹಾಕಿದ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕಾಗಿಯೇ ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಲಸಿಕೆ, ಮುಂದಿನ ತಿಂಗಳು ಬೂಸ್ಟರ್.

ಬೆಣ್ಣಿಹಳ್ಳ
ಬೂಸ್ಟರ್ "ಯಾರೂ ಕೊಡಲಿಲ್ಲ" ಎಂದು ಅವರು ಬರೆದದ್ದನ್ನು ದಾಟಿ ಹೋಗಬೇಡಿ. ಕೊಡಬೇಕಾದವರು ಯಾರು? ಎಲ್ಲದಕ್ಕೂ ರೈತನೇ ಹೊಣೆಯೇ?

ಸಾಧನಕೇರಿ
ಹೊಣೆಯ ಮಾತು ಆಮೇಲೆ ಆಗಲಿ. 3ಎಬಿಸಿ ಪರೀಕ್ಷೆ ಇಡೀ ಹಿಂಡಿನ ಮಟ್ಟದಲ್ಲಿ ನಂಬಲು ಯೋಗ್ಯವಾದದ್ದು, ಒಂದೇ ಪ್ರಾಣಿಯ ವರದಿಯಿಂದ ತೀರ್ಪು ಕೊಡುವುದಲ್ಲ. ವರದಾ ದಂಡೆಯವರೇ, ಆ ಹಸುವಿನ ರಕ್ತವನ್ನು ಎರಡು ಮೂರು ವಾರಗಳ ಅಂತರದಲ್ಲಿ ಇನ್ನೊಮ್ಮೆ ತೆಗೆಸಿ. ಪ್ರತಿಕಾಯದ ಪ್ರಮಾಣ ಏರುತ್ತಿದ್ದರೆ ಸೋಂಕು ಹೊಸದು. ಮಾರಿದವರ ಕೊಟ್ಟಿಗೆಯ ಉಳಿದ ದನಗಳ ರಕ್ತವನ್ನೂ ಪರೀಕ್ಷೆ ಮಾಡಿಸಲಿ. ಅದೇ ಸುತ್ತಿನ ಲಸಿಕೆ ಪಡೆದು, ಬೇನೆ ಬಾರದ ಪಕ್ಕದ ಓಣಿಯ ದನಗಳಲ್ಲಿ ಈ ಪ್ರತಿಕಾಯ ಇಲ್ಲದಿದ್ದರೆ ಲಸಿಕೆಯ ಮೇಲೆ ಹೊರಿಸುವ ವಾದ ಅಲ್ಲಿಗೆ ಮುಗಿಯುತ್ತದೆ.

ಬೆಣ್ಣಿಹಳ್ಳ
ಮುಗಿಯುವುದಿಲ್ಲ. ಪಕ್ಕದ ಓಣಿಗೆ ಬಂದ ಬಾಟಲಿಯ ಬ್ಯಾಚ್ ಸಂಖ್ಯೆಯೂ ಅದೇ ಆಗಿತ್ತೆಂದು ಮೊದಲು ದಾಖಲೆ ತೋರಿಸಿ.

ವರದಾ ದಂಡೆ
ಎರಡನೆಯ ಸಲ ರಕ್ತ ತೆಗೆಸುತ್ತೇನೆ. ಮಾರಿದವರು ತಮ್ಮ ದನಗಳನ್ನು ಮುಟ್ಟಲು ಬಿಡುವುದಿಲ್ಲ ಎಂದಿದ್ದಾರೆ. ಬ್ಯಾಚ್ ಸಂಖ್ಯೆಯನ್ನು ಲಸಿಕೆ ಹಾಕಿದವರ ಬಳಿ ಲಿಖಿತವಾಗಿ ಕೇಳುತ್ತೇನೆ.

ಕಪ್ಪತಗುಡ್ಡ
ಅಷ್ಟರವರೆಗೆ ತಂದ ಹಸುವನ್ನು ಬೇರೆ ಕಟ್ಟಿ. ಕೊಟ್ಟಿಗೆಯ ನೆಲವನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಿಂದ ತೊಳೆಯಿರಿ, ಬೇನೆ ಬಿದ್ದ ಹಸುಗಳ ಹಾಲನ್ನು ಕರುಗಳಿಗೆ ಕುಡಿಸಬೇಡಿ. ಮಾರಿದವರು ದನ ಮುಟ್ಟಲು ಬಿಡುವುದಿಲ್ಲ ಎಂದಿರುವುದನ್ನು ಬೆಣ್ಣಿಹಳ್ಳ ಅವರು ಎರಡು ಸಲ ಓದಲಿ.

ಬೆಣ್ಣಿಹಳ್ಳ
ಓದಿದೆ. "ವಕೀಲ" ಎಂದದ್ದನ್ನು ನೀವು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.