ಅಮ್ಮನ ಮಂಡಿ ಆಪರೇಷನ್: ಚಿಪ್ಪಿಗೆ ಬಟನ್ ಹಾಕಿಸಬೇಕಾ, ಬೇಡ್ವಾ?

ತುಮಕೂರಿನ ಮಗ:
ಅಮ್ಮನಿಗೆ 68. ಬಲ ಮಂಡಿ ಪೂರ್ತಿ ಸವೆದಿದೆ, ಮುಂದಿನ ತಿಂಗಳು ಬದಲಿಸೋದು ಅಂತ ಮನೇಲಿ ತೀರ್ಮಾನ ಆಗಿದೆ. ಆಪರೇಷನ್ನೇ ಬೇಡ, ಎಣ್ಣೆ ಹಚ್ಚಿ ಅನ್ನೋರು ದಯವಿಟ್ಟು ಬೇರೆ ಕಡೆ ಹೋಗಿ. ಗೊಂದಲ ಇರೋದು ಚಿಪ್ಪಿನ ವಿಷಯದಲ್ಲಿ. ಮೊದಲು ತೋರಿಸಿದ ಡಾಕ್ಟರು, "ಚಿಪ್ಪಿನ ಒಳಮೈ ಕೊಯ್ದು ಪ್ಲಾಸ್ಟಿಕ್ ಬಟನ್ ಕೂರಿಸ್ತೀನಿ, ನಾನು ಎಲ್ಲರಿಗೂ ಹಾಕೋದೇ" ಅಂದರು. ಎರಡನೆಯವರು, "ಚಿಪ್ಪು ಕೊಯ್ಯಲ್ಲ, ಸುತ್ತ ಬೆಳೆದ ಮೂಳೆ ಮುಳ್ಳು ಮಾತ್ರ ತೆಗೀತೀನಿ" ಅಂದರು. ಅಮ್ಮ ಸಣ್ಣ ಜೀವ, 46 ಕೆಜಿ. ಚಿಪ್ಪಿನ ದಪ್ಪ 19 ಮಿ.ಮೀ. ಅಂತ ರಿಪೋರ್ಟಲ್ಲಿದೆ. ಮೆಟ್ಟಿಲು ಇಳಿಯುವಾಗ ಮಂಡಿಯ ಮುಂದೆ ನೋವು. ರುಮಟಾಯ್ಡ್ ಸಂಧಿವಾತ ಇಲ್ಲ. ಮಾಡಿಸಿಕೊಂಡವರು ಹೇಳಿ.

ಶಿವಮೊಗ್ಗದ ಮೇಷ್ಟ್ರು:
ಹಾಕಿಸಿ. ಕಣ್ಣು ಮುಚ್ಕೊಂಡು ಹಾಕಿಸಿ. ಹಾಕಿಸದೆ ಕೆಟ್ಟವನು ನಾನು. 2019ರ ಮೇ ತಿಂಗಳಲ್ಲಿ ನನ್ನ ಎಡ ಮಂಡಿ ಬದಲಾಯಿಸಿದರು. "ನಿಮ್ಮ ಚಿಪ್ಪು ಚೆನ್ನಾಗೇ ಇದೆ ಮೇಷ್ಟ್ರೇ, ದೇವರು ಕೊಟ್ಟದ್ದು ಇರಲಿ" ಅಂದರು ಡಾಕ್ಟರು. ಮೂರು ತಿಂಗಳು ಸ್ವರ್ಗ. ಆಮೇಲೆ ಕುರ್ಚಿಯಿಂದ ಏಳುವಾಗೆಲ್ಲ ಚಿಪ್ಪಿನ ಹಿಂದೆ ಉಳಿ ಇಟ್ಟು ತಿರುವಿದ ಹಾಗೆ. ಸಪಾಟು ರಸ್ತೇಲಿ ಎರಡು ಮೈಲಿ ನಡೀತಿದ್ದೆ, ಮನೆ ಜಗಲಿಯ ಮೂರು ಮೆಟ್ಟಿಲು ಇಳಿಯೋಕೆ ಹೆಂಡತಿ ಭುಜ ಬೇಕಿತ್ತು. ನಾಲ್ಕು ಸಲ ಎಕ್ಸ್‌ರೇ. ಸೋಂಕಿದೆಯೋ ಅಂತ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ, ಮಂಡಿಯಿಂದ ನೀರು ತೆಗೆದು ಕಲ್ಚರ್. ಏನೂ ಇಲ್ಲ. "ವಯಸ್ಸಾಯ್ತಲ್ಲ" ಅಂದರು. ಬಲ ಮಂಡಿಗೂ ಅಷ್ಟೇ ವಯಸ್ಸು, ಅದಕ್ಕೆ ನೋವಿರಲಿಲ್ಲ.

2021ರ ನವೆಂಬರಿನಲ್ಲಿ ಬೇರೆ ಕಡೆ ಹೋಗಿ, ಅದೇ ಗಾಯದ ಮೇಲೆ ಮತ್ತೆ ಕುಯ್ಯಿಸಿಕೊಂಡು, ಬರೀ ಬಟನ್ ಹಾಕಿಸಿದೆ. ಲೆಕ್ಕ ಬರೆದಿಟ್ಟಿದ್ದೀನಿ: ಪ್ಯಾಕೇಜ್ 1,18,000, ರೂಮಿನ ವ್ಯತ್ಯಾಸ 9,600, ಔಷಧಿ 11,240, ಫಿಸಿಯೋ 38 ಸಲ, ತಲಾ 450ರಂತೆ 17,100, ಕಾರು ಬಾಡಿಗೆ 6,500. ಒಟ್ಟು 1,62,440. ಇನ್ಶೂರೆನ್ಸಿನವರು ಕೊಟ್ಟದ್ದು 70,000. ನೋವು ಪೂರ್ತಿ ಹೋಯ್ತಾ? ಇಲ್ಲ. ಹತ್ತಕ್ಕೆ ಏಳಿದ್ದದ್ದು ಮೂರಕ್ಕೆ ಬಂತು. ಮೊದಲೇ ಹಾಕಿದ್ದರೆ ಹತ್ತು ನಿಮಿಷದ ಕೆಲಸ.

ಹುಬ್ಬಳ್ಳಿ ಅಕ್ಕ:
ಕಣ್ಣು ಮುಚ್ಚಿ ಹಾಕಸ್ರಿ ಅಂತೀರಲ್ಲ ಸರ, ಹಂಗ ಹಾಕಿಸಿದ್ದಕ್ಕ ನಾವು ಏನು ಅನುಭವಿಸೇವಿ ಕೇಳ್ರಿ. ನಮ್ಮ ಅತ್ತಿಗೆ, ಅಂದ್ರ ಗಂಡನ ತಾಯಿಗೆ, ಎರಡೂ ಕಾಲಿಗೆ ಬಟನ್. ಒಂದು ವರ್ಷ ಎರಡು ತಿಂಗಳಾದ ಮ್ಯಾಲೆ ದೇವರ ಮನ್ಯಾಗ ಸಣ್ಣ ಮಣಿ ಮ್ಯಾಲಿಂದ ಏಳಬೇಕಾದ್ರ "ಟಕ್" ಅಂತು. ಬಲಗಾಲಿನ ಚಿಪ್ಪು ಅಡ್ಡಕ್ಕ ಬಿರುಕು ಬಿಟ್ಟಿತ್ತು. ಬಟನ್ ಕೂಡ್ಸಾಕ ಕೊಯ್ದಾಗ ಮೂಳಿ ತೆಳ್ಳಗಾಗಿತ್ತು, ರಕ್ತದ ಓಡಾಟಾನೂ ಕಡಿಮಿ ಆಗಿತ್ತು ಅಂದ್ರು ಡಾಕ್ಟರು. ಕೊಯ್ಯೂಮುಂದ ಈ ಮಾತು ಯಾರೂ ಹೇಳಿರಲಿಲ್ಲ.

ಪುಣ್ಯಕ್ಕ ಬಟನ್ ಸಡಿಲಾಗಿರಲಿಲ್ಲ, ಕಾಲು ನೆಟ್ಟಗ ಎತ್ತಾಕ ಬರ್ತಿತ್ತು. ಅದಕ್ಕ ಮತ್ತ ಆಪರೇಷನ್ ಮಾಡಲಿಲ್ಲ, ಆರು ವಾರ ಉದ್ದನ್ನ ಬ್ರೇಸ್ ಹಾಕಿದ್ರು. ಮೊದಲನೇ ಬ್ರೇಸ್ 3,200, ಅಳತಿ ದೊಡ್ಡದಾತು, ಅಂಗಡಿಯಾಂವ ವಾಪಸ್ ತಗೊಳ್ಳಲಿಲ್ಲ. ಇನ್ನೊಂದಕ್ಕ 2,900. ರಾತ್ರಿ ನೋಡ್ಕೊಳ್ಳಾಕ ಒಬ್ಬಾಕಿ, ದಿನಕ್ಕ 700, 42 ದಿನಕ್ಕ 29,400. ನಾ ಸಾಲಿಗೆ ರಜಾ ಹಾಕಿದ್ದಕ್ಕ ಪಗಾರ ಕಟ್. ನಮ್ಮ ಅವ್ವಗ ಬಟನ್ ಹಾಕಿಲ್ಲ, ಏಳು ವರ್ಷ ಆತು. ಉಳವಿ ಜಾತ್ರಿಗೆ ಹೋಗಿ ಬಂದಾಳ.

ಶಿವಮೊಗ್ಗದ ಮೇಷ್ಟ್ರು:
ತಂಗೀ, ಮಂಡಿ ಬದಲಾಯಿಸಿದವರನ್ನ ಗೇಣುದ್ದದ ಮಣೆ ಮೇಲೆ ಕೂರಿಸಿದ್ದು ಯಾರು? ಮೊದಲು ಅದು ಹೇಳಿ.

ಹುಬ್ಬಳ್ಳಿ ಅಕ್ಕ:
ತಂಗಿ ಅನಬ್ಯಾಡ್ರಿ, ನನಗೂ 58. ಯಾರೂ ಕೂಡಿಸಿಲ್ರಿ, ಆಕಿನ ಕುಂತಾಳ. ನಲವತ್ತು ವರ್ಷ ಕುಂತು ಪೂಜಾ ಮಾಡಿದಾಕಿಗೆ ನೀವು ಬಂದು ಹೇಳ್ರಿ ನೋಡೂಣು.

ಪುತ್ತೂರಿನ ತೋಟದವ:
ನಿಮ್ಮಿಬ್ಬರ ಜಗಳ ಓದಿ ನಗು ಬಂತು ಮಾರಾಯ್ರೆ. ನನಗೆ ಎಡಗಾಲಿಗೆ ಬಟನ್ ಉಂಟು, ಬಲಗಾಲಿಗೆ ಇಲ್ಲ. ಒಬ್ಬರೇ ಡಾಕ್ಟರು, ಒಂದೂವರೆ ವರ್ಷದ ಅಂತರ. ಬಲಗಾಲು ತೆರೆದು ನೋಡುವಾಗ ಚಿಪ್ಪಿನ ಒಳಮೈ ನುಣ್ಣಗೆ ಇತ್ತಂತೆ, ಹಾಗೇ ಬಿಟ್ಟರು. ಯಾವ ಕಾಲಿಗೆ ಹಾಕಿದ್ದು ಅಂತ ಫೈಲ್ ನೋಡದೆ ಹೇಳ್ಲಿಕ್ಕೆ ನನಗೇ ಗೊತ್ತಾಗುವುದಿಲ್ಲ.

ನನ್ನ ಸಂಕಟ ಬೇರೆ. ಎಡ ಮಂಡಿ 70 ಡಿಗ್ರಿ ದಾಟಿ ಮಡಚಲೇ ಇಲ್ಲ. ಏಳನೇ ವಾರ ಪುನಃ ಅನಸ್ತೇಶಿಯಾ ಕೊಟ್ಟು ಬಗ್ಗಿಸಿದರು, 28,000. ಅದು ಸರಿಯಾಗಿ ಜುಲೈ. ಅಡಿಕೆಗೆ ಮದ್ದು ಬಿಡ್ಲಿಕ್ಕೆ ಜನ ಇಲ್ಲ, ನಿಂತು ಮಾಡಿಸ್ಲಿಕ್ಕೆ ನಾನಿಲ್ಲ. ಕೊಳೆರೋಗಕ್ಕೆ ಅರ್ಧ ಫಸಲು ಹೋಯಿತು. ಅದನ್ನೂ ಆಪರೇಷನ್ ಖರ್ಚಿಗೇ ಬರೆದಿದ್ದೇನೆ. ಬಟನ್ ಬಟನ್ ಅಂತ ತಲೆ ಕೆಡಿಸಿಕೊಳ್ಳುವ ಬದಲು ಯಾವ ತಿಂಗಳು ಮಾಡಿಸುವುದು ಅಂತ ಯೋಚನೆ ಮಾಡಿ.

ಇಂಗ್ಲೆಂಡಿನ ಮೈಸೂರಿನವ:
ಇದು ಊರೂರಿನ ರೂಢಿ ಸ್ವಾಮಿ. ಅಮೆರಿಕದಲ್ಲಿ ಬಹುಪಾಲು ಜನಕ್ಕೆ ಹಾಕ್ತಾರೆ, ಸ್ವೀಡನ್ನಿನಲ್ಲಿ ಹಾಕೋದೇ ಅಪರೂಪ. ಎರಡೂ ಕಡೆ ಜನ ನಡೀತಾನೇ ಇದ್ದಾರೆ. ಇಲ್ಲಿ ಹಾಕೋರು ಕಡಿಮೆ ಇದ್ದರು, 2020ರ ಜೂನ್‌ನಲ್ಲಿ ಯಾವ ಚಿಕಿತ್ಸೆ ಕೊಡಬೇಕು ಅಂತ ಇಲ್ಲಿನ ಡಾಕ್ಟರುಗಳಿಗೆ ಹೇಳೋ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಮೊದಲ ಸಲ ಮಂಡಿ ಬದಲಿಸುವವರಿಗೆ ಬಟನ್ ಕೊಡಿ ಅಂತು. ನೋವು, ನಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಂಡು ಅಲ್ಲ. ಹಾಕದವರಲ್ಲಿ ಕೆಲವರು ಮೇಷ್ಟ್ರ ಹಾಗೆ ಮತ್ತೆ ಟೇಬಲ್ ಮೇಲೆ ಬರ್ತಾರೆ, ಆ ಖರ್ಚು ಉಳಿಯುತ್ತೆ ಅಂತ. ನಾನು 13 ತಿಂಗಳು ಕಾದು ಮಾಡಿಸಿಕೊಂಡೆ. ಸರ್ಜನ್ "ನನಗೆ ಹಾಕೋ ಅಭ್ಯಾಸ ಇಲ್ಲ" ಅಂದ. ಆ ಮಾರ್ಗಸೂಚಿ ಪ್ರಿಂಟ್ ತಗೊಂಡು ಹೋಗಿ ಮುಂದಿಟ್ಟೆ, ಮುಖ ಸಿಂಡರಿಸಿಕೊಂಡೇ ಹಾಕಿದ. ಇನ್ನೊಂದು ಮಾತು, ಮೇಷ್ಟ್ರು ಬೇಜಾರು ಮಾಡ್ಕೋಬಾರದು. ತೊಡೆಮೂಳೆಗೆ ಹಾಕುವ ಲೋಹದ ಭಾಗ ಸ್ವಲ್ಪ ಒಳಕ್ಕೆ ತಿರುಗಿ ಕೂತರೂ ಚಿಪ್ಪು ಹಾದಿ ತಪ್ಪಿ ನೋಯುತ್ತೆ. ಎರಡನೇ ಸಲ ಕುಯ್ಯೋ ಮುಂಚೆ ಅದನ್ನ ಸಿಟಿ ಸ್ಕ್ಯಾನಲ್ಲಿ ನೋಡಿದ್ರಾ?

ಶಿವಮೊಗ್ಗದ ಮೇಷ್ಟ್ರು:
ಲಂಡನ್ನಿನಲ್ಲಿ ಕೂತು ನನ್ನ ಮಂಡಿಗೆ ಸ್ಕ್ಯಾನ್ ಬರೀತೀರಾ? ಪುಕ್ಕಟೆ ಆಪರೇಷನ್ ಮಾಡಿಸಿಕೊಂಡವರಿಗೆ ಮಾತು ಸಲೀಸು.

ಇಂಗ್ಲೆಂಡಿನ ಮೈಸೂರಿನವ:
ಲಂಡನ್ ಅಲ್ಲ. ಪುಕ್ಕಟೆಯೂ ಅಲ್ಲ, 22 ವರ್ಷದಿಂದ ತೆರಿಗೆ ಕಟ್ತಿದ್ದೀನಿ.

ಜಯನಗರ 4ನೇ ಬ್ಲಾಕ್:
ಯಾರೂ ರೋಬೋ ಯಂತ್ರದ ನೆರವಿನ ಆಪರೇಷನ್ ಬಗ್ಗೆ ಹೇಳ್ತಾನೇ ಇಲ್ವಲ್ಲ? ನನ್ನ ಎರಡೂ ಮಂಡಿ ರೋಬೋದಲ್ಲಿ, ಒಟ್ಟು 6,35,000. ಮೂರನೇ ದಿನ ನಡೆದೆ. ಅಮ್ಮನ ವಿಷಯದಲ್ಲಿ ದುಡ್ಡಿನ ಮುಖ ನೋಡಬೇಡಿ.

ಕ್ಲೇಮ್ ನೋಡ್ತಿದ್ದವ:
ರೋಬೋ ಇಲ್ಲದೆಯೂ ಮರುದಿನವೇ ನಡೆಸ್ತಾರೆ ಮೇಡಂ, ನಿಮ್ಮನ್ನ ಎರಡು ದಿನ ತಡವಾಗಿ ನಡೆಸಿದ್ದಾರೆ. ನಾನು ಇನ್ಶೂರೆನ್ಸ್ ಕಂಪನೀಲಿ ಕ್ಲೇಮ್ ನೋಡಿ ನಿವೃತ್ತನಾದವನು. ಇಲ್ಲಿ ಯಾರೂ ಬಿಲ್ ಬಿಡಿಸಿ ನೋಡಿದ ಹಾಗಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟಿಗೆ, ಅಂದರೆ ಒಳಗೆ ಕೂರಿಸೋ ಕೃತಕ ಭಾಗಗಳಿಗೆ, ಬೆಲೆ ಮಿತಿ ಹಾಕಿತು. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಸೆಟ್ ಆಗ 54,720. ಎಲ್ಲರ ಬಾಯಲ್ಲೂ ಅದೇ ಅಂಕಿ. ಆದರೆ ಆದೇಶದಲ್ಲಿ ಬಿಡಿಬಿಡಿಯಾಗಿ ಇತ್ತು: ತೊಡೆಮೂಳೆ ಭಾಗ 24,090, ಕೆಳಗಿನ ತಟ್ಟೆ 16,990, ನಡುವಿನ ಪ್ಲಾಸ್ಟಿಕ್ 9,550, ಚಿಪ್ಪಿನ ಬಟನ್ 4,090. ಮೇಲೆ ಜಿಎಸ್‌ಟಿ. ಬಟನ್ ಹಾಕದೇ ಇದ್ದರೆ 54,720 ಬರೆಯೋ ಹಾಗಿರಲಿಲ್ಲ, 50,630ಕ್ಕೆ ನಿಲ್ಲಬೇಕಿತ್ತು. ನಾನು ನೋಡಿದ ಫೈಲುಗಳಲ್ಲಿ ಎಷ್ಟೋ ಸಲ ಪೂರ್ತಿ ಸೆಟ್ಟೇ ಬರೆದಿರೋರು. ಹಾಕಿದ ಒಂದೊಂದು ಭಾಗಕ್ಕೂ ಫೈಲಿಗೆ ಅಂಟಿಸೋ ಇಂಪ್ಲಾಂಟಿನ ಸ್ಟಿಕ್ಕರ್ ಎಣಿಸಿದರೆ ಮೂರೇ. ಹಳೇ ಬಿಲ್ ಇದ್ದರೆ ತೆಗೆದು ನೋಡಿ.

ಜಯನಗರ 4ನೇ ಬ್ಲಾಕ್:
ಎರಡು ಮಂಡಿ ಒಟ್ಟಿಗೆ ಮಾಡಿಸಿದರೆ ಮರುದಿನ ನಡೆಸಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಹುಬ್ಬಳ್ಳಿ ಅಕ್ಕ:
ನಡಸ್ತಾರ್ರೀ. ನಮ್ಮ ಅತ್ತಿನ್ನ ನಡಸ್ಯಾರ. ಅಳಕೋತ ನಡದಾರ, ಆದ್ರ ನಡದಾರ.

ತುಮಕೂರಿನ ಮಗ:
ಎಲ್ಲರಿಗೂ ಧನ್ಯವಾದ. 19 ಮಿ.ಮೀ. ಅಂದರೆ ತೆಳುವಾ, ಸಾಮಾನ್ಯನಾ? ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ದಾವಣಗೆರೆ ಫಿಸಿಯೋ:
ತೆಳುವೇ. ನಮ್ಮ ಹೆಂಗಸರಲ್ಲಿ 20ರ ಆಸುಪಾಸು ತುಂಬಾ ನೋಡ್ತೀವಿ. ಕೊಯ್ದ ಮೇಲೆ ಕನಿಷ್ಠ 12 ಮಿ.ಮೀ. ಮೂಳೆ ಉಳೀಬೇಕು ಅಂತ ಸರ್ಜನ್‌ಗಳು ನೋಡ್ತಾರೆ, ಬಟನ್ನೇ ಸುಮಾರು 8 ಬರುತ್ತೆ. 19ರಲ್ಲಿ ಲೆಕ್ಕ ಬಿಗಿ. ಜಾಸ್ತಿ ಕೊಯ್ದರೆ ಹುಬ್ಬಳ್ಳಿ ಅಕ್ಕನ ಅತ್ತೆಯ ಕಥೆ, ಕಡಿಮೆ ಕೊಯ್ದರೆ ಚಿಪ್ಪು ಉಬ್ಬಿ ಮಡಚೋಕೆ ಬಿಗಿ. "ಎಲ್ಲರಿಗೂ ಹಾಕ್ತೀನಿ" ಅಂದ ಡಾಕ್ಟರ ಹತ್ತಿರ ಈ ಅಳತೆ ಇಟ್ಟು, ಎಷ್ಟು ಉಳಿಸ್ತೀರಿ ಅಂತ ಕೇಳಿ. "ಚಿಪ್ಪು ಕೊಯ್ಯಲ್ಲ" ಅಂದವರ ಹತ್ತಿರ, ತೆರೆದಾಗ ಒಳಮೈ ಪೂರ್ತಿ ಹೋಗಿದ್ದರೆ ಏನು ಮಾಡ್ತೀರಿ ಅಂತ ಕೇಳಿ. ಮತ್ತೆ ಈಗಿನಿಂದಲೇ ತೊಡೆಯ ವ್ಯಾಯಾಮ ಶುರು ಮಾಡಿಸಿ. ಬಟನ್ ಇದ್ದವರೂ ಇಲ್ಲದವರೂ ನನ್ನ ಹತ್ತಿರ ಅಳೋದು ತೊಡೆಯಲ್ಲಿ ಬಲ ಇಲ್ಲದ್ದಕ್ಕೇ.

ಪುತ್ತೂರಿನ ತೋಟದವ:
ನಿಮ್ಮವರು ಒಂದು ಸಲಕ್ಕೆ 450 ತೆಗೆದುಕೊಂಡು ಇಪ್ಪತ್ತು ನಿಮಿಷ ಮೊಬೈಲ್ ನೋಡ್ತಾರಲ್ಲ, ಅದಕ್ಕೂ ಅಳ್ತೇವೆ.

ದಾವಣಗೆರೆ ಫಿಸಿಯೋ:
ನಿಮ್ಮ ಮಂಡಿ 70ಕ್ಕೆ ನಿಂತದ್ದು ಯಾಕೆ ಅಂತ ಈಗ ಅರ್ಥ ಆಯ್ತು. ನೀವು ಫಿಸಿಯೋನ ಬಗ್ಗಿಸೋದರಲ್ಲಿ ಇದ್ದಿರಿ.

ಶಿವಮೊಗ್ಗದ ಮೇಷ್ಟ್ರು:
ಕ್ಲೇಮ್ ಸಾರ್, ನಿಮ್ಮ ಮಾತು ಓದಿ ಅಟ್ಟದಿಂದ ಟ್ರಂಕ್ ಇಳಿಸಿ 2019ರ ಬಿಲ್ ತೆಗೆದೆ. ಇಂಪ್ಲಾಂಟ್ 54,720 ಇದೆ. ಕೆಳಗೆ ನಾಲ್ಕು ಸಾಲು, ಕೊನೇದು "ಪಟೆಲ್ಲಾ 4,090", ಅಂದರೆ ಚಿಪ್ಪಿನ ಬಟನ್. ಸ್ಟಿಕ್ಕರ್ ಮೂರೇ. ಹಾಕದೇ ಇರೋ ಬಟನ್‌ಗೆ ಜಿಎಸ್‌ಟಿ ಸೇರಿ 4,294 ರೂಪಾಯಿ 50 ಪೈಸೆ ಕೊಟ್ಟಿದ್ದೀನಿ. ಎರಡು ವರ್ಷ ಬಿಟ್ಟು ಅದೇ ಬಟನ್‌ಗೆ ಇನ್ನೊಂದು ಸಲ ಕೊಟ್ಟಿದ್ದೀನಿ.

ಕ್ಲೇಮ್ ನೋಡ್ತಿದ್ದವ:
ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕಿತ್ತು ಮೇಷ್ಟ್ರೇ. ತಡ ಆದದ್ದಕ್ಕೆ ಕಾರಣ ಬರೆದು ಅರ್ಜಿ ಹಾಕಬಹುದು. ಒಪ್ತಾರೋ ಬಿಡ್ತಾರೋ.

ಜಯನಗರ 4ನೇ ಬ್ಲಾಕ್:
ನಾಲ್ಕು ಸಾವಿರಕ್ಕೆ ಕೋರ್ಟು ಕಚೇರಿನಾ?

ಶಿವಮೊಗ್ಗದ ಮೇಷ್ಟ್ರು:
ಆರು ಲಕ್ಷ ಕೊಟ್ಟು ಬಿಲ್ ನೋಡದವರು ಸುಮ್ಮನಿರಿ.

ತುಮಕೂರಿನ ಮಗ:
ಮೇಷ್ಟ್ರೇ, ಒಂದೇ ಪ್ರಶ್ನೆ. ಈಗ ಮೆಟ್ಟಿಲು ಇಳೀತೀರಾ?

ಶಿವಮೊಗ್ಗದ ಮೇಷ್ಟ್ರು:
ಇಳೀತೀನಪ್ಪ. ಎಡಗಾಲು ಮೊದಲು, ಬಲಗೈ ಕಂಬಿ ಮೇಲೆ. ಟ್ರಂಕ್ ಮಾತ್ರ ಮೊಮ್ಮಗ ಇಳಿಸಿಕೊಟ್ಟ. ಬಿಲ್ಲಿನ ಫೋಟೋ ಹಾಕ್ತಿದ್ದೀನಿ, ನಾಲ್ಕನೇ ಸಾಲು ನೋಡಿ.