ಕ್ರೈಸ್ತ ಕಾಲೇಜಿನಲ್ಲಿ ಇತಿಹಾಸ ಆನರ್ಸ್: ನಾಲ್ಕನೆಯ ವರ್ಷ ಬೇಕೇ?

ಪ್ರಶ್ನೆ (ಪೋಷಕರು, ಚಿಕ್ಕಮಗಳೂರು):
ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿರುವ ನನ್ನ ಮಗಳಿಗೆ ಇತಿಹಾಸದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಮಾಡುವ ಹಂಬಲ. ಅವಳ ಮನಸ್ಸು ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನ ಮೇಲಿದೆ; ಘಟ್ಟ ಇಳಿದರೆ ಮಂಗಳೂರು, ಅಲ್ಲಿಯೇ ಓದಲಿ ಎಂಬುದು ಅವಳ ಅಜ್ಜಿಯ ಆಸೆ. ನಾವು ಕ್ರೈಸ್ತರಲ್ಲ. ಇದರಿಂದ ಸೀಟು ಸಿಗುವುದಕ್ಕೆ ತೊಡಕಾಗುತ್ತದೆಯೇ? ಸೀಟು ಸಿಕ್ಕ ಮೇಲೆ ಬೈಬಲ್ ತರಗತಿ ಕಡ್ಡಾಯವೇ? ನಮ್ಮ ರಾಜ್ಯದಲ್ಲಿ 2024-25ರಿಂದ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ಇಳಿಸಿರುವಾಗ, ಸಣ್ಣ ಕಾಫಿ ತೋಟದ ಆದಾಯದಲ್ಲಿ ನಾಲ್ಕನೆಯ ವರ್ಷದ ಖರ್ಚನ್ನು ಹೊರುವುದು ಸರಿಯೇ?

ಉತ್ತರ 1 (ನಿವೃತ್ತ ಅಧ್ಯಾಪಕ, ಹಾಸನ):
ಮೊದಲಿಗೆ ಬೈಬಲ್ ತರಗತಿಯ ಮಾತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯು ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ, ಆಕೆ ಅಪ್ರಾಪ್ತಳಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಹಾಜರಾಗುವಂತೆ ಒತ್ತಾಯಿಸುವಂತಿಲ್ಲ; ಸಂವಿಧಾನದ 28ನೆಯ ವಿಧಿಯ 3ನೆಯ ಉಪವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸೀಟಿನ ವಿಷಯದಲ್ಲಿ ಮಾತ್ರ ವ್ಯತ್ಯಾಸವಿದೆ. 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ಕೊಟ್ಟಿರುವ ಹಕ್ಕಿನ ಆಧಾರದಲ್ಲಿ, ಸೇಂಟ್ ಸ್ಟೀಫನ್ಸ್ ಅರ್ಧದಷ್ಟು ಸೀಟುಗಳನ್ನು ಕ್ರೈಸ್ತರಿಗೆ ಮೀಸಲಿಡಬಹುದೆಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಉಳಿದ ಅರ್ಧಕ್ಕೆ ಸಿಯುಇಟಿ (ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಅಂಕವೇ ಮಾನದಂಡವಾಗಿರುವುದರಿಂದ, ನಿಮ್ಮ ಮಗಳು ಪಿಯುಸಿ ಅಂಕಗಳಷ್ಟನ್ನೇ ನಂಬಿ ಕೂರದೆ ಆ ಪರೀಕ್ಷೆಗೆ ಈಗಿನಿಂದಲೇ ಸಿದ್ಧಳಾಗಬೇಕು. ಸ್ಟೀಫನ್ಸ್ ಸೇರಿರುವ ದೆಹಲಿ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷಕ್ಕೇ ಪದವಿ ಪಡೆದು ಹೊರಬರಲು ಅವಕಾಶವಿದೆ. ಆದ್ದರಿಂದ ನಾಲ್ಕನೆಯ ವರ್ಷದ ನಿರ್ಧಾರವನ್ನು ಇಂದೇ ಮಾಡಬೇಕಾಗಿಲ್ಲ.

ಉತ್ತರ 2 (ಸಂಶೋಧನಾರ್ಥಿ, ಹಾಸನ ಜಿಲ್ಲೆ):
ನಾನು 2021ರಲ್ಲಿ ಕ್ರೈಸ್ತ ಸಂಸ್ಥೆಯೊಂದಕ್ಕೆ ಸೇರಿ ನಾಲ್ಕೂ ವರ್ಷ ಓದಿದವಳು, ಕ್ರೈಸ್ತಳಲ್ಲ. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಬಂದವರಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ ಸಂಶೋಧನೆ ಸಹಿತ ಆನರ್ಸ್ ಆಯ್ಕೆಯಿದೆ. ನಾಲ್ಕು ವರ್ಷದ ಒಟ್ಟು 160 ಕ್ರೆಡಿಟ್‌ಗಳಲ್ಲಿ (ಓದಿನ ಪ್ರಮಾಣದ ಅಳತೆ) 12 ಕ್ರೆಡಿಟ್ ಪ್ರಬಂಧಕ್ಕೇ ಮೀಸಲು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ನಿಂತಿರುವ, ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿ ಚರ್ಚನ್ನು ನಾನು ಪ್ರಬಂಧಕ್ಕೆ ಆರಿಸಿಕೊಂಡೆ. ನೀರು ಇಳಿದ ಬೇಸಿಗೆಯಲ್ಲಿ ಗೋಡೆಗಳ ಅಳತೆ ತೆಗೆದೆ. ಮುಳುಗಡೆಯಿಂದ ಊರು ಬಿಟ್ಟ ಕುಟುಂಬಗಳ ಹಿರಿಯರ ಜಗಲಿಯಲ್ಲಿ ಕೂತು, ಅವರು ಹೇಳಿದ್ದನ್ನು ಬರೆದುಕೊಂಡೆ. ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದಾಗ ಯಾವುದನ್ನು ದಾಖಲಿಸಬೇಕೆಂದು ಮಾರ್ಗದರ್ಶಕರು ವಾರಗಟ್ಟಲೆ ನನ್ನೊಡನೆ ಚರ್ಚಿಸಿದರು. ಪಠ್ಯಪುಸ್ತಕದ ಇತಿಹಾಸಕ್ಕೂ ಇದಕ್ಕೂ ಇರುವ ಅಂತರ ನನಗೆ ತಿಳಿದದ್ದು ಆ ವರ್ಷವೇ. ಹಣದ ಲೆಕ್ಕ ಹೇಳುವುದಾದರೆ, ನಾಲ್ಕು ವರ್ಷದ ಪದವಿಯ ನಂತರ ಒಂದೇ ವರ್ಷದಲ್ಲಿ ಎಂ.ಎ. ಮುಗಿಸಲು ಯುಜಿಸಿ ಅವಕಾಶ ಕೊಟ್ಟಿದೆ. ಶಿಕ್ಷಕ ವೃತ್ತಿಗಾಗಿ ಬಿ.ಎಡ್. ಮಾಡುವ ಉದ್ದೇಶವಿದ್ದರೆ ಮೂರು ವರ್ಷವೇ ಸಾಕು.

ಪೋಷಕರು:
ಇಬ್ಬರಿಗೂ ಕೃತಜ್ಞತೆಗಳು. ಶೆಟ್ಟಿಹಳ್ಳಿಯ ಭಾಗವನ್ನು ಮಗಳು ಎರಡು ಸಲ ಓದಿದಳು. ಸಿಯುಇಟಿಯ ಇತಿಹಾಸ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಈಗ ಕೇಳುತ್ತಿದ್ದಾಳೆ.

ಉತ್ತರ 1ರ ಅಧ್ಯಾಪಕರು:
ಬರೆಯಬಹುದು, ಸಿಯುಇಟಿ ನಡೆಯುವ 13 ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ಸ್ಟೀಫನ್ಸ್‌ನಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ, ಆದ್ದರಿಂದ ಈ ರಜೆಯಿಂದಲೇ ಇತಿಹಾಸದ ಒಂದೊಂದು ಅಧ್ಯಾಯವನ್ನು ಎರಡೂ ಭಾಷೆಗಳಲ್ಲಿ ಓದಿಸಿ.