ಸಹಾಯ ಬೇಕು: ಕುಟ್ಯಾಪಿಯ ಮೆಟ್ಟಿಲು ನಿಲ್ಲುವ ಮೇಣ

ವೀಣೆಗೆ ಮೇಳ ಕಟ್ಟುವವರು, ಅಂದರೆ ಮೆಟ್ಟಿಲುಗಳನ್ನು (ಸ್ವರದ ಪಟ್ಟಿಗಳನ್ನು) ಮೇಣದಲ್ಲಿ ಕೂರಿಸುವವರು, ದಯವಿಟ್ಟು ನೋಡಿ. ಫಿಲಿಪ್ಪೀನ್ಸ್‌ನ ಮಿಂಡನಾವೊ ದ್ವೀಪದ ಮಗಿಂದನಾವೊ ಜನರ ಕುಟ್ಯಾಪಿ ಎಂಬ ತಂತಿವಾದ್ಯಕ್ಕೆ ಎರಡೇ ತಂತಿ: ಒಂದು ಶ್ರುತಿಗೆ, ಇನ್ನೊಂದು ಮೆಟ್ಟಿಲುಗಳ ಮೇಲೆ ನುಡಿಸಲು. ಮೆಟ್ಟಿಲುಗಳು ಜೇನುಮೇಣದಲ್ಲಿ ಕೂತಿರುತ್ತವೆ. ಅರ್ಧಸ್ವರವಿಲ್ಲದ ದಿನಲಡೈ ಎಂಬ ಸ್ವರಶ್ರೇಣಿಯಿಂದ ಅರ್ಧಸ್ವರವುಳ್ಳ ಬಿನಲಿಗ್ ಶ್ರೇಣಿಗೆ ಹೋಗಲು ಅವನ್ನು ಸರಿಸಿ ಕೂರಿಸಬೇಕು. ಹಾಗಾಗಿ ಅಂಟು ಹಾಕಿ ಬಿಗಿದರೆ ವಾದ್ಯದ ಜೀವವೇ ಹೋಗುತ್ತದೆ.

ಬರೀ ಜೇನುಮೇಣ ಕರಗುವುದು ಸುಮಾರು 62 ಡಿಗ್ರಿಗೆ. ಆದರೆ 35 ದಾಟಿದರೆ ಸಾಕು, ಮೆತ್ತಗಾಗುತ್ತದೆ. ಬೆರಳೊತ್ತಿದಾಗ ಮೆಟ್ಟಿಲು ವಾಲಿ ಸ್ವರ ಜಾರುತ್ತದೆ, ತಂತಿ ಝರ್ ಎನ್ನುತ್ತದೆ. ನೀವು ವೀಣೆಯ ಮೇಣಕ್ಕೆ ಇದ್ದಿಲ ಪುಡಿ, ರಾಳ ಬೆರೆಸುವುದಾದರೆ 100 ಗ್ರಾಂಗೆ ಎಷ್ಟೆಷ್ಟು? ರಾಳ ಹೆಚ್ಚಾದರೆ ಬಿರಿಯುತ್ತದೆ. ಬಿಸಿ ತಾಗಿಸಿ ಮತ್ತೆ ಸರಿಸುವಂತಿರಬೇಕು, ಅದೇ ಮುಖ್ಯ.